ಮಾದ ಗಾಯ, ಮಡಚಿದ ಕೈ

ಶಿವಲೀಲಾಳ ಕೈಯ ಗಾಯ ಮಾದಿತ್ತು. ಕೀವಿಲ್ಲ, ನೀರು ಸೋರುವುದಿಲ್ಲ, ಪಟ್ಟಿ ಬಿಚ್ಚಿ ಆಗಿತ್ತು. ಗಂಡಾಂತರ ಕಳೆಯಿತು ಎಂದು ಮನೆಯವರೆಲ್ಲ ಉರುಕುಂದ ಈರಣ್ಣನಿಗೆ ಕಾಯಿ ಒಡೆಸಿ ಬಂದಿದ್ದರು. ಆದರೆ ಮಗು ಎಡಗೈಯನ್ನು ಚಾಚುತ್ತಿರಲಿಲ್ಲ.

ಹೊಳಗುಂದದ ಹತ್ತಿರದ ಹಳ್ಳಿ ಅದು. ಹುಡುಗಿಗೆ ಆರು ವರ್ಷ. ಅಪ್ಪ ವಾಗೀಶ್ ಆದೋನಿಯ ಹತ್ತಿ ಮಂಡಿಯಲ್ಲಿ ದಲ್ಲಾಳಿ. ತಾಯಿ ಗಂಗೋತ್ರಿ ಮೆತ್ತಗಿನ ಹೆಂಗಸು, ಅತ್ತೆಯ ಮಾತು ಮೀರಿದವಳಲ್ಲ. ಆ ಅತ್ತೆಯೇ ಅಂಬಮ್ಮ. ಅರವತ್ತು ದಾಟಿದ್ದರೂ ಮನೆ, ಹೊಲ, ದನ ಎಲ್ಲಕ್ಕೂ ಅವಳದೇ ಮಾತು.

ಯುಗಾದಿಯ ಮರುದಿನ ಒಲೆಯಿಂದ ಇಳಿಸಿಟ್ಟಿದ್ದ ಬೇಳೆಸಾರಿನ ಬೋಗುಣಿಗೆ ಮಗುವಿನ ಕಾಲು ತಾಗಿತ್ತು. ಕುದಿಯುವ ಸಾರು ಎಡಮೊಣಕೈಯ ಒಳಮಗ್ಗುಲಿಗೇ ಬಿತ್ತು. ಗಂಗೋತ್ರಿ ಗಾಬರಿಯಲ್ಲಿ ಹಲ್ಲುಜ್ಜುವ ಪೇಸ್ಟು ಬಳಿದಳು. ಊರಿನ ಆರೆಂಪಿ ಸುಂಕೇಶ ಬೈಕಿನಲ್ಲಿ ಬಂದ. ಯಾವ ಪದವಿಯೂ ಇಲ್ಲದಿದ್ದರೂ ಊರಿಗೆಲ್ಲ ಅವನೇ ಡಾಕ್ಟರು. ಕೈಯನ್ನು ಮಡಚಿ, ಎದೆಗೆ ಒತ್ತಿ ಪಟ್ಟಿ ಕಟ್ಟಿದ. "ಮಡಚಿಕೊಂಡಿದ್ರ ನೋವಾಗಂಗಿಲ್ಲ" ಎಂದ. ಐದು ವಾರ ಕೈ ಹಾಗೆಯೇ ಇತ್ತು.

ಗಾಯ ಒಣಗಿದ ಮೇಲೆ ಆ ಜಾಗ ಕೆಂಪಾಗಿ ಉಬ್ಬಿತು. ಮುಟ್ಟಿದರೆ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಮಗು ಮಲಗಿದಲ್ಲೇ ಪರಪರ ಕೆರೆದುಕೊಳ್ಳುತ್ತಿತ್ತು. ಸುಂಕೇಶ ಹೆಸರೇ ಇಲ್ಲದ ಒಂದು ಡಬ್ಬಿ ಕೊಟ್ಟ. ಒಳಗೆ ಬಿಳಿ ಮುಲಾಮು. "ಹದಿನೈದು ದಿನ ಹಚ್ಚರಿ. ಕಲಿ ಮಾಯ" ಎಂದ.

ಹದಿನೈದು ದಿನ ಹೋಗಿ ಮೂವತ್ತಾಯಿತು. ಕಲೆ ಮಾಯವಾಗಲಿಲ್ಲ. ಕೈ ಮಾತ್ರ ದಿನದಿನಕ್ಕೂ ಒಳಕ್ಕೆ ಎಳೆದುಕೊಳ್ಳುತ್ತಾ ಹೋಯಿತು.

ಜೂನಿನಲ್ಲಿ ಶಾಲೆ ತೆರೆದಾಗ ಹಳ್ಳಿ ಕ್ಲಿನಿಕ್ಕಿನ ಹರಿತಾ ಮಕ್ಕಳ ತಪಾಸಣೆಗೆ ಬಂದಳು. ಕೌತಾಳದ ಹುಡುಗಿ, ತೆಲುಗಿನಲ್ಲಿ ನರ್ಸಿಂಗ್ ಓದಿದವಳು, ಮನೆಮಾತು ಕನ್ನಡ. ಎರಡೂ ಕೈ ಮೇಲೆತ್ತಿ ಎಂದರೆ ಶಿವಲೀಲಾ ಒಂದನ್ನೇ ಎತ್ತಿದಳು. ಇನ್ನೊಂದನ್ನು ಉದ್ದ ತೋಳಿನ ಅಂಗಿಯೊಳಗೆ ಮುಚ್ಚಿಟ್ಟುಕೊಂಡಳು. ಶಾಲೆ ಬಿಡುವ ಹೊತ್ತಿಗೆ ಹರಿತಾ ಮಗುವಿನ ಜತೆಯಲ್ಲೇ ಮನೆಗೆ ನಡೆದು ಬಂದಳು.

ಅಂಬಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಬಂದ ಕಾರಣ ಕೇಳಿ ಅವಳಿಗೆ ನಗು ಬಂತು.

"ಕಲಿ ನೋಡಾಕ ಇಷ್ಟು ದೂರ ಬಂದೀಯೇನವ್ವ? ಗಾಯ ಮಾದೈತಿ. ಹೆಣ್ಣುಮಗು, ಕಲಿ ಉಳೀತು ಅಂತ ನಮಗೂ ಬ್ಯಾಸರ ಐತಿ. ಏನ್ ಮಾಡಾಕಾಗ್ತೈತಿ?"

"ನಾನು ಚಂದದ ಮಾತು ಆಡಾಕ ಬಂದಿಲ್ಲ, ಅವ್ವಾರ" ಎಂದಳು ಹರಿತಾ. "ಕೈ ನೋಡಾಕ ಬಂದೀನಿ. ಪಾಪು, ಇಲ್ಲಿ ಬಾ. ಕೈ ಚಾಚು."

ಶಿವಲೀಲಾ ಚಾಚಲು ನೋಡಿದಳು. ಅರ್ಧಕ್ಕೆ ಬಂದು ನಿಂತಿತು. ಮೊಣಕೈಯ ಒಳಗಡೆ ಕೆಂಪು ಚರ್ಮ ಹಗ್ಗದ ಹಾಗೆ ಬಿಗಿದು ಮೇಲೆದ್ದಿತು.

ಹರಿತಾ ಅವಸರ ಮಾಡಲಿಲ್ಲ. ಕಲೆಯನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಬಿಳುಚಿಕೊಂಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೆಂಪಾಯಿತು. ಅಂಚಿನ ಸುತ್ತ ಬೆರಳಾಡಿಸಿದಳು. ಎಷ್ಟು ಎತ್ತರ, ಎಷ್ಟು ಗಟ್ಟಿ, ಸಾರು ಬಿದ್ದ ಜಾಗದಲ್ಲೇ ಇದೆಯೋ ಅದನ್ನು ದಾಟಿ ಹೊಸ ಚರ್ಮಕ್ಕೆ ಹಬ್ಬುತ್ತಿದೆಯೋ ಎಂದು ನೋಡಿದಳು. ತುರಿಕೆ ಎಷ್ಟು, ನೋವು ಎಷ್ಟು ಎಂದು ಮಗುವನ್ನೇ ಕೇಳಿದಳು. ಮಕ್ಕಳ ಕಂಪಾಸ್ ಡಬ್ಬಿಯ ಕೋನಮಾಪಕದಂಥ ಒಂದು ಪಟ್ಟಿಯನ್ನು ಮೊಣಕೈಗೆ ಹಿಡಿದು ಬರೆದುಕೊಂಡಳು. ಕೊನೆಗೆ ಬೆಳಕಿಗೆ ನಿಲ್ಲಿಸಿ ಫೋನಿನಲ್ಲಿ ಒಂದು ಫೋಟೊ ತೆಗೆದಳು.

"ಕಲಿಗೆ ಇಷ್ಟೆಲ್ಲ ನೋಡ್ತಾರೇನವ್ವ?" ಎಂದಳು ಗಂಗೋತ್ರಿ ಬಾಗಿಲಿನಿಂದ.

"ನೋಡಬೇಕಕ್ಕ. ಇವತ್ತು ಎಷ್ಟೈತಿ ಅಂತ ಗೊತ್ತಿಲ್ಲಂದ್ರ ಮುಂದಿನ ತಿಂಗಳು ಇಳೀತೋ ಏರೀತೋ ಹೆಂಗ ಹೇಳ್ತೀರಿ? ಈ ಕಲಿ ಇನ್ನೂ ಹಸಿ. ಮ್ಯಾಲೆ ಮಾದಿದ್ರೂ ಒಳಗ ಕೆಲಸ ನಿಂತಿಲ್ಲ. ಒಂದು ವರ್ಷ, ಒಂದೂವರೆ ವರ್ಷ ಅದು ಬದಲಾಗ್ತಾ ಇರ್ತೈತಿ. ಸುಮ್ನ ಬಿಟ್ರ ಎಳಕೊಂತ ಹೋಗ್ತೈತಿ. ನಾವು ಕೈ ಹಾಕಿದ್ರ ಮೆತ್ತಗಾಗ್ತೈತಿ."

ಅಂಬಮ್ಮನಿಗೆ ಈಗ ಸಿಟ್ಟು ಬಂತು. ಶೇಂಗಾ ಬುಟ್ಟಿಯನ್ನು ಬದಿಗೆ ತಳ್ಳಿ, ಸೆರಗು ಸರಿಸಿ ತನ್ನ ಎಡಗೈ ತೋರಿಸಿದಳು. ಮೊಣಕೈ ಕುಡುಗೋಲಿನ ಹಾಗೆ ಬಾಗಿತ್ತು. ಒಳಗಡೆ ಹಳೆಯ, ಬಿಳಿಚಿದ, ಸುಕ್ಕುಗಟ್ಟಿದ ಚರ್ಮ.

"ನನ್ನ ಕೈ ನೋಡು. ಎಂಟು ವರ್ಷದವಳಿದ್ದಾಗ ಶೇಂಗಾ ಸುಡೋ ಬೆಂಕ್ಯಾಗ ಬಿದ್ದೆ. ಐವತ್ತು ವರ್ಷದ ಮ್ಯಾಲಾತು, ಹಿಂಗೇ ಐತಿ. ಮನಿ ನಡೆಸಲಿಲ್ಲೇನು ನಾನು? ಮಗನ್ನ ಬೆಳೆಸಲಿಲ್ಲೇನು? ಹಣ್ಯಾಗ ಬರೆದಿದ್ದು ಯಾರಿಗೆ ತಪ್ಪೈತಿ?"

ಹರಿತಾ ಎದುರಾಡಲಿಲ್ಲ. ಅಂಬಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಬೆಂಕಿಗೆ ಬಿದ್ದಾಗ ಕೈ ಹೆಂಗ ಕಟ್ಟಿದ್ರು, ಅವ್ವಾರ?"

"ಹೆಂಗ ಕಟ್ತಾರ? ಮಡಚಿ ಎದಿಗೆ ಕಟ್ಟಿದ್ರು. ನೋವಾಗಬಾರದಂತ."

"ಎಷ್ಟು ದಿನ?"

"ಎರಡು ತಿಂಗಳಿರಬೇಕು." ಇಷ್ಟು ಹೇಳಿ ಅಂಬಮ್ಮ ಮೊಮ್ಮಗಳ ಕಡೆ ನೋಡಿದಳು. ಮತ್ತೆ ಹರಿತಾಳ ಕಡೆ ನೋಡಿದಳು. ಅವಳ ದನಿ ಇಳಿಯಿತು. "ಈಕಿಗೂ ಹಂಗೇ ಕಟ್ಟಿದ್ರು."

"ಹೌದು. ಮಡಚಿ ಕಟ್ಟಿದ್ರ ಆ ಹೊತ್ತಿಗೆ ಹಾಯನಿಸ್ತೈತಿ. ಆದ್ರ ಹೊಸ ಚರ್ಮ ಮಡಚಿದ ಅಳತಿಗೇ ಹುಟ್ಟಿಕೊಂತೈತಿ. ಆಮ್ಯಾಲೆ ಚಾಚಾಕ ಚರ್ಮನೇ ಸಾಲಂಗಿಲ್ಲ. ಕೀಲಿನ ಹತ್ರ ಸುಟ್ರ ಕೈ ಚಾಚಿಸಿ ಇಡಬೇಕಿತ್ತು."

"ಅಂದ್ರ ಇದು ಹಣೆಬರಹ ಅಲ್ಲ?"

"ಅಲ್ಲವ್ವಾರ. ಕಟ್ಟಿದ ರೀತಿ."

ಅಂಬಮ್ಮ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಹದಿನೇಳರ ಹರೆಯದಲ್ಲಿ ಅವಳನ್ನು ನೋಡಲು ಬಂದ ನಾಲ್ಕು ಮನೆಯವರು ಕೈ ನೋಡಿ ಎದ್ದು ಹೋಗಿದ್ದರು. ಕೊನೆಗೆ ಹೆಂಡತಿ ಸತ್ತಿದ್ದ, ಅವಳಿಗಿಂತ ಹದಿನೆಂಟು ವರ್ಷ ದೊಡ್ಡವನಾದ ಸೋಮಶೇಖರಪ್ಪನಿಗೆ ಕೊಟ್ಟರು. ಸೋಮಶೇಖರಪ್ಪ ಒಳ್ಳೆಯವನೇ, ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೂ ಸೊಟ್ಟಗೈ ಅಂಬವ್ವ ಎಂಬ ಹೆಸರು ಅವಳ ಬೆನ್ನು ಬಿಟ್ಟಿರಲಿಲ್ಲ. ಬಾವಿಯಿಂದ ಕೊಡ ಎಳೆಯುವಾಗ, ಹಗ್ಗಕ್ಕೆ ಬಟ್ಟೆ ಹರವುವಾಗ, ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಸೊಲ್ಲೆತ್ತದೆ ಹಣೆಬರಹ ಎಂದುಕೊಂಡಿದ್ದಳು. ಎಲ್ಲ ಬರೀ ಒಂದು ಬಟ್ಟೆಯ ಪಟ್ಟಿಯಿಂದ. ಅದನ್ನು ಬೇರೆ ರೀತಿ ಕಟ್ಟಬಹುದಿತ್ತು ಎಂದು ಒಬ್ಬರೂ ಅವಳಿಗೆ ಹೇಳಿರಲಿಲ್ಲ.

ಅವಳು ಗೂಡಿನಲ್ಲಿದ್ದ ಮುಲಾಮಿನ ಡಬ್ಬಿ ತಂದು ಹರಿತಾಳ ಮುಂದಿಟ್ಟಳು. "ಇದೇನು?"

ಹರಿತಾ ತಿರುಗಿಸಿ ನೋಡಿದಳು. "ಹೆಸರಿಲ್ಲ, ತಾರೀಖಿಲ್ಲ, ಒಳಗೇನೈತಿ ಅಂತ ಬರೆದಿಲ್ಲ. ಹಿಂಗ ಮಾರೋ ಮುಲಾಮಿನ್ಯಾಗ ಬಿರುಸಾದ ಔಷಧ ಬೆರೆಸಿರ್ತಾರ. ಡಾಕ್ಟರ್ ನೋಡದೆ ದಿನಾ ಹಚ್ಚಿದ್ರ ಸುತ್ತಲಿನ ಒಳ್ಳೆ ಚರ್ಮನೂ ತೆಳ್ಳಗಾಗ್ತೈತಿ. ನಿಲ್ಲಸ್ರಿ ಇದನ್ನ."

ಅಂಬಮ್ಮ ಡಬ್ಬಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಗಂಗೋತ್ರಿ "ಅತ್ತಿ, ಎಲ್ಲಿಗ್ರಿ?" ಎಂದು ಹಿಂದೆ ಬಂದರೂ ತಿರುಗಿ ನೋಡಲಿಲ್ಲ.

ಸುಂಕೇಶನ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಅಂಬಮ್ಮ ಡಬ್ಬಿಯನ್ನು ಅವನ ಮೇಜಿನ ಮೇಲೆ ಇಟ್ಟಳು.

"ಇದರಾಗ ಏನೈತಿ, ಸುಂಕೇಶ?"

"ಕಲಿ ಮುಲಾಮವ್ವ."

"ಅದು ನನಗೂ ಗೊತ್ತೈತಿ. ಅದರಾಗ ಏನೈತಿ ಅಂತ ಕೇಳಿದೆ."

ಸುಂಕೇಶ ನಕ್ಕ. "ಆದೋನಿಯಿಂದ ತರಿಸ್ತೀನವ್ವ, ಒಳ್ಳೇ ಮಾಲು. ಏಂ ಕಾದು, ಏನೂ ಆಗಂಗಿಲ್ಲ."

"ಅಂದ್ರ ನಿನಗೂ ಗೊತ್ತಿಲ್ಲ. ನಿನಗೇ ಗೊತ್ತಿಲ್ಲದ್ದನ್ನ ಆರು ವರ್ಷದ ಕೂಸಿಗೆ ಹಚ್ಚಿಸಿದಿ. ಕೈ ಮಡಚಿ ಕಟ್ಟಿದ್ಯಲ್ಲ, ಪಟ್ಟಿ ಬಿಚ್ಚಿದ ಮ್ಯಾಲೆ ಒಂದು ಸಲನಾದ್ರೂ ಚಾಚಿಸಿ ನೋಡಿದ್ಯಾ?"

"ಅವ್ವ, ಸುಟ್ಟ ಗಾಯ ಮಾಯಿಸೋದು ನನ್ನ ಕೆಲಸ. ಮಾಯಿಸಿ ಕೊಟ್ಟೀನಿ. ಕಲಿ ಅಂದ್ರ ಕಲಿ. ಹೆಣ್ಣುಹುಡುಗಿ ಅದಾಳ, ತುಂಬು ತೋಳಿನ ಅಂಗಿ ಹೊಲಿಸ್ರಿ, ಯಾರಿಗೂ ಕಾಣಂಗಿಲ್ಲ."

ಕೂತಿದ್ದವರಲ್ಲಿ ಒಬ್ಬ ಹೌದೆನ್ನುವಂತೆ ತಲೆಯಾಡಿಸಿದ. ಅಂಬಮ್ಮನಿಗೆ ಅದನ್ನು ಕಂಡು ಇನ್ನೂ ಉರಿಯಿತು.

"ಮುಚ್ಚಾಕ ನಮ್ಮನಿಯಾಗ ಅಂಗಿ ಅದಾವ. ಮಡಚಿದ ಕೈ ಬಿಚ್ಚಾಕ ನಿನ್ನ ಹತ್ರ ಏನೈತಿ, ಅದನ್ನ ಹೇಳು. ಇಲ್ಲಾಂದ್ರ ಇಲ್ಲ ಅನ್ನು. ನನಗ ತಿಳಿಯಂಗಿಲ್ಲ, ದವಾಖಾನಿಗೆ ಹೋಗ್ರಿ ಅಂತ ಅವತ್ತೇ ಅಂದಿದ್ರ ನಿನ್ನ ನಾಲಿಗಿ ಸವೀತಿತ್ತೇನು?"

ಅಂಬಮ್ಮ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದಳು.

ವಾಗೀಶ್ ಸಂಜೆ ಬಂದು ಎಲ್ಲ ಕೇಳಿದ. "ಕೈ ಒಂದೀಟು ಬಾಗೈತಿ ಅಷ್ಟ ಅಲ್ಲೇನವ್ವ? ಬೆಳಿತಾ ಸರಿ ಹೋದೀತು" ಎಂದ.

"ನಂದು ಸರಿ ಹೋಯ್ತೇನು?" ಎಂದಳು ತಾಯಿ. ಮರುದಿನ ಅವನೇ ಬೆಳಗಿನ ಬಸ್ಸಿಗೆ ಮೂವರನ್ನೂ ಹತ್ತಿಸಿಕೊಂಡು ಆದೋನಿಯ ದವಾಖಾನೆಗೆ ಕರೆದೊಯ್ದ.

ಅಲ್ಲಿ ಡಾಕ್ಟರು ನೋಡಿ, ಈಗಲೇ ಕೊಯ್ಯುವುದು ಬೇಡ, ಮೊದಲು ಮೂರು ತಿಂಗಳು ಕೈ ಪಳಗಿಸಿ ನೋಡೋಣ ಎಂದು ವ್ಯಾಯಾಮ ಮಾಡಿಸುವ ಮೌಲಾಲಿಯ ಕೋಣೆಗೆ ಕಳಿಸಿದರು. ಮೌಲಾಲಿ ನಡುವಯಸ್ಸಿನವನು, ಮಾತಿಗಿಂತ ಕೈಗೆ ಹೆಚ್ಚು ಕೆಲಸ ಕೊಡುವವನು. ಬಿಸಿನೀರಿನಲ್ಲಿ ಮೆತ್ತಗಾದ ಒಂದು ಹಲಗೆಯಂಥ ಪಟ್ಟಿಯನ್ನು ಮಗುವಿನ ತೋಳಿನ ಆಕಾರಕ್ಕೆ ಒತ್ತಿ, ಆರಿಸಿ ಗಟ್ಟಿ ಮಾಡಿದ. ಕೈ ಎಷ್ಟು ಚಾಚುತ್ತದೋ ಅಷ್ಟಕ್ಕೆ ಅದು ಹಿಡಿದು ನಿಲ್ಲಿಸುತ್ತಿತ್ತು. ಅದಕ್ಕೆ ಸ್ಪ್ಲಿಂಟ್ ಎಂದು ಹೆಸರು.

"ಮಲಗುವಾಗ ಇದು ಇರಲೇಬೇಕಮ್ಮಾ" ಎಂದ ಗಂಗೋತ್ರಿಗೆ. "ಹದಿನೈದು ದಿನಕ್ಕೊಮ್ಮೆ ಬರ್ರಿ, ಕೈ ಚಾಚಿದಷ್ಟೂ ಇದನ್ನ ನೆಟ್ಟಗ ಮಾಡ್ತಾ ಹೋಗೋಣ. ಹಗಲಿಗೆ ಐದಾರು ಸಲ ಕೈ ಚಾಚಿಸಬೇಕು. ಮೆಲ್ಲಗ. ಬಿಗಿ ಅನಿಸೋ ತನಕ ಹೋಗಿ, ಅಲ್ಲೇ ನಿಲ್ಲಿಸಿ, ಇಪ್ಪತ್ತು ಎಣಿಸ್ರಿ. ಜಗ್ಗಬಾರದು. ಚರ್ಮ ಹರೀಬಾರದು."

"ಎಣ್ಣಿ?" ಎಂದಳು ಅಂಬಮ್ಮ.

"ಕೊಬ್ಬರಿ ಎಣ್ಣಿ ಸಾಕು. ಬರೀ ಸವರೋದಲ್ಲ, ಹೆಬ್ಬೆಟ್ಟಿಂದ ಒತ್ತಿ ತಿಕ್ಕಬೇಕು. ಕಲಿ ಬೆಳ್ಳಗಾಗೋ ಅಷ್ಟು. ದಿನಕ್ಕ ಮೂರು ಸಲ, ಹತ್ತು ಹತ್ತು ನಿಮಿಷ. ಎಲ್ಲಾದ್ರೂ ಬಿರುಕು ಬಿಟ್ರ, ನೀರು ಬಂದ್ರ ಅವತ್ತು ಬ್ಯಾಡ, ಇಲ್ಲಿಗೆ ಬರ್ರಿ. ಸಿಲಿಕೋನ್ ಹಾಳಿ ಅಂತ, ಕಲಿ ಮ್ಯಾಲೆ ಅಂಟೋ ರಬ್ಬರಿನಂಥ ಮೆತ್ತನ್ನ ಹಾಳಿ, ಡಾಕ್ಟರ್ ಬರೆದಾರ. ಎಣ್ಣಿ ಒರೆಸಿ, ತೊಳೆದು, ಒಣಗಿಸಿ ಅದನ್ನ ಅಂಟಿಸ್ರಿ. ದಿನದಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಇರಬೇಕು, ತಿಂಗಳುಗಟ್ಟಲೆ. ಅದರ ಮ್ಯಾಲೆ ಈ ಬಿಗಿ ತೋಳುಚೀಲ. ಬಿಸಿಲಿಗೆ ಕಲಿ ಒಡ್ಡಬ್ಯಾಡ್ರಿ, ಕಪ್ಪಾಗಿ ನಿಂತುಬಿಡ್ತೈತಿ."

"ಕಲಿ ಪೂರಾ ಹೋಗ್ತೈತೇನ್ರಿ?" ಗಂಗೋತ್ರಿ ಆಸೆಯಿಂದ ಕೇಳಿದಳು.

"ಇಲ್ಲಮ್ಮಾ. ಪೂರಾ ಹೋಗ್ತೈತಿ ಅಂತ ಯಾರಾದ್ರೂ ಹೇಳಿದ್ರ ಅವರ ಹತ್ರ ಹೋಗಬ್ಯಾಡ್ರಿ. ಚಪ್ಪಟಿ ಆಗ್ತೈತಿ, ಮೆತ್ತಗಾಗ್ತೈತಿ, ಕೆಂಪು ಇಳೀತೈತಿ. ಕೈ ಕೆಲಸಕ್ಕ ಬರ್ತೈತಿ. ಅಷ್ಟು ನಾನು ಹೇಳಬಲ್ಲೆ."

ಸುಳ್ಳು ಹೇಳದ ಆ ಮಾತು ಅಂಬಮ್ಮನ ಮನಸ್ಸಿಗೆ ಹಿಡಿಸಿತು.

ಹೇಳಿದ್ದು ಸುಲಭ, ಮಾಡಿದ್ದು ಕಷ್ಟ. ಕೈ ಚಾಚಿಸುವಾಗ ಮಗು ಅಳುತ್ತಿತ್ತು. ಗಂಗೋತ್ರಿಯ ಕಣ್ಣಲ್ಲೂ ನೀರು ಬರುತ್ತಿತ್ತು, ಇಪ್ಪತ್ತರ ಬದಲು ಹತ್ತಕ್ಕೇ ಬಿಟ್ಟುಬಿಡುತ್ತಿದ್ದಳು. ಅಂಬಮ್ಮನೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಣಿಸುತ್ತಿದ್ದಳು. ಪಕ್ಕದ ಮನೆಯ ಗುರುಶಾಂತಮ್ಮ ಗೋಡೆಯಾಚೆಯಿಂದ ಕೇಳುವ ಹಾಗೆಯೇ ಹೇಳಿದಳು: "ಮಾದ ಗಾಯಕ್ಕ ಕೂಸಿನ್ನ ಹಿಂಗ ಅಳಸ್ತಾಳಲ್ಲ ಈ ಮುದುಕಿ."

ಅಂಬಮ್ಮ ಎಣಿಕೆ ನಿಲ್ಲಿಸಲಿಲ್ಲ. ಇಪ್ಪತ್ತು ಮುಗಿಸಿ ಗೋಡೆಯ ಬಳಿಗೆ ಹೋದಳು. "ನಮ್ಮವ್ವನೂ ನಾನು ಅಳಬಾರದಂತ ನನ್ನ ಕೈ ಹಂಗೇ ಬಿಟ್ಟಳು, ಗುರುಶಾಂತಿ. ಎರಡು ತಿಂಗಳ ಅಳು ತಪ್ಪಿತು. ಆಮ್ಯಾಲಿನ ಅಳು ಯಾರು ಲೆಕ್ಕ ಇಟ್ಟಾರ?"

ತಿಂಗಳಾಗುವ ಹೊತ್ತಿಗೆ ಕೈ ಎಷ್ಟೋ ಬಿಚ್ಚಿತ್ತು. ಹರಿತಾ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಮತ್ತೊಂದು ಫೋಟೊ ತೆಗೆದು ಎರಡನ್ನೂ ಪಕ್ಕಪಕ್ಕ ತೋರಿಸಿದಳು. ವಾಗೀಶ್ ಫೋನನ್ನು ತಂದೆಯ ಪಟ ನೋಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನೋಡಿದ. ಕಲೆಯ ಒಂದು ಅಂಚು ಮಾತ್ರ ಗಟ್ಟಿಯಾಗಿಯೇ ಉಳಿದಿತ್ತು. ಅದಕ್ಕೆ ಚರ್ಮದ ಡಾಕ್ಟರು ಕಲೆಯ ಒಳಗೇ ಇಂಜೆಕ್ಷನ್ ಕೊಟ್ಟರು.

ಶ್ರಾವಣದಲ್ಲಿ ಸಿರುಗುಪ್ಪದಲ್ಲಿ ಗಂಗೋತ್ರಿಯ ತಮ್ಮನ ಮದುವೆ ಬಂತು. ಗಂಗೋತ್ರಿ ಮಗುವಿನೊಂದಿಗೆ ಹತ್ತು ದಿನ ತವರಿಗೆ ಹೋದಳು. ತಿರುಗಿ ಬಂದಾಗ ಶಿವಲೀಲಾಳ ಕೈ ಮತ್ತೆ ಒಳಕ್ಕೆ ಬಾಗಿತ್ತು. ಸ್ಪ್ಲಿಂಟ್ ಚೀಲದ ತಳದಲ್ಲಿ ಸೀರೆಗಳ ಕೆಳಗಿತ್ತು.

"ಯಾಕ ತೆಗೆದಿ?" ಎಂದಳು ಅಂಬಮ್ಮ.

ಗಂಗೋತ್ರಿ ತಲೆ ತಗ್ಗಿಸಿದಳು. "ಎಲ್ಲಾರು ಕೇಳ್ತಿದ್ರು ಅತ್ತಿ, ಕೂಸಿಗೆ ಏನಾಗೈತಿ ಅಂತ. ನಾಳಿ ಆಕಿ ಮದುವಿ ಹೊತ್ತಿಗೆ ಅದೇ ಮಾತಾಗ್ತೈತಿ ಅಂತ ನಮ್ಮವ್ವ ತೆಗೆಸಿದಳು."

ಅಂಬಮ್ಮ ಕೂಗಾಡಲಿಲ್ಲ. ಸೊಸೆಯ ಎದುರು ಕೂತು, ನಾಲ್ಕು ಮನೆಯವರು ಎದ್ದು ಹೋದ ಕತೆಯನ್ನು ಮೊದಲ ಸಲ ಹೇಳಿದಳು. ಮಗನಿಗೂ ಅದು ಗೊತ್ತಿರಲಿಲ್ಲ.

"ಅವರು ಕಲಿ ನೋಡಿ ಎದ್ದು ಹೋಗಲಿಲ್ಲ, ಗಂಗೋತ್ರಿ. ಈ ಕೈಯಿಂದ ಏನು ದುಡೀತಾಳ ಅಂತ ಎದ್ದು ಹೋದ್ರು. ನಾಚಿಕಿ ಯಾರು ಪಡಬೇಕು? ಸುಟ್ಟುಕೊಂಡ ಕೂಸಾ? ನಾಳಿನ ಮಂದಿಗೆ ಅಂಜಿ ಇವತ್ತಿನ ಕೈ ಹಾಳು ಮಾಡ್ತೀಯಾ? ಯಾರಾದ್ರೂ ಕೇಳಿದ್ರ, ಸುಟ್ಟಿತ್ತು, ಸರಿ ಮಾಡಸ್ತಾ ಇದೀವಿ ಅನ್ನು. ಅದರಾಗ ಮುಚ್ಚೋದೇನೈತಿ?"

ಮರುದಿನದಿಂದ ಕೈ ಚಾಚಿಸುವಾಗ ಎಣಿಸುವವಳು ಗಂಗೋತ್ರಿಯೇ ಆದಳು. ಇಪ್ಪತ್ತಕ್ಕೆ ಒಂದೂ ಕಡಿಮೆ ಮಾಡಲಿಲ್ಲ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಒಂದೂವರೆ ತಿಂಗಳು ಹಿಡಿಯಿತು.

ಮುಂದಿನ ಬೇಸಿಗೆಗೆ ಶಿವಲೀಲಾಳ ಮೊಣಕೈ ಬಹುತೇಕ ನೆಟ್ಟಗಾಯಿತು. ಕಲೆ ಇದೆ. ಕೆಂಪು ಇಳಿದು, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬೇರೆ ಬಣ್ಣಕ್ಕೆ ಬಂದು ಚಪ್ಪಟೆಯಾಗಿದೆ. ತುರಿಕೆಯಿಲ್ಲ. ಅವಳು ಅರ್ಧ ತೋಳಿನ ಅಂಗಿ ಹಾಕಿಕೊಂಡು ಆಡುತ್ತಾಳೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ "ಸಾರು ಬಿದ್ದಿತ್ತು" ಎಂದು ಹೇಳಿ ಓಡಿಹೋಗುತ್ತಾಳೆ.

ಅಂಬಮ್ಮನ ಕೈಯನ್ನೂ ಮೌಲಾಲಿ ದೊಡ್ಡ ಡಾಕ್ಟರಿಗೆ ತೋರಿಸಿದ. ಕೊಯ್ದು ಚರ್ಮ ಹಾಕಿದರೆ ಸ್ವಲ್ಪ ಬಿಚ್ಚೀತು, ಆದರೆ ಐವತ್ತು ವರ್ಷದಲ್ಲಿ ಕೀಲೇ ಬಿಗಿದುಬಿಟ್ಟಿದೆ ಎಂದರು ಅವರು. ಹಳೆಯ ಕಲೆಯಲ್ಲಿ ಮಾಯದ ಹುಣ್ಣೆದ್ದರೆ ತಡಮಾಡದೆ ಬರಬೇಕೆಂದೂ ಹೇಳಿದರು.

"ಆವಾಗ ಮಾಡಿದ್ರ ಆಗ್ತಿತ್ತಾ?" ಎಂದು ಅಂಬಮ್ಮ ಕೇಳಿದಳು.

"ಆಗ್ತಿತ್ತು" ಎಂದರು ಡಾಕ್ಟರು.

ಅವಳು ಆಪರೇಷನ್ ಬೇಡವೆಂದಳು. ಹೊರಗೆ ಬಂದ ಮೇಲೆ, ಜತೆಗೆ ಬಂದಿದ್ದ ಹರಿತಾ, "ಇನ್ನೂ ಸಿಟ್ಟು ಐತೇನವ್ವಾರ?" ಎಂದಳು.

"ಐತಿ. ಹೋಗೂದು ಬ್ಯಾಡ. ಸುಂಕೇಶನ ಮ್ಯಾಲೆ ಅಷ್ಟೇ ಅಲ್ಲ, ಐವತ್ತು ವರ್ಷ ಹಣೆಬರಹ ಅಂತ ನಂಬಿದ ನನ್ನ ಮ್ಯಾಲೂ ಐತಿ. ನೀನು ಬುಧವಾರ ಮನಿಮನಿಗೆ ಹೋಗ್ತೀಯಲ್ಲ, ನಾನೂ ಬರ್ತೀನಿ. ಈ ಕೈ ತೋರಸ್ತೀನಿ. ನೋಡಿ ತಿಳಕೊಳ್ಳಲಿ."

ಈಗ ಬುಧವಾರ ಅವರಿಬ್ಬರೂ ಜತೆಗೆ ಹೋಗುತ್ತಾರೆ. ಹೋದ ತಿಂಗಳು ಗುರುಶಾಂತಮ್ಮನ ಸೊಸೆಯ ಕಾಲಿನ ಮೇಲೆ ಕಾದ ಎಣ್ಣೆ ಬಿತ್ತು. ಗುರುಶಾಂತಮ್ಮ ಪೇಸ್ಟು ಹುಡುಕಲಿಲ್ಲ. ಸೊಸೆಯ ಕಾಲನ್ನು ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದು, ಒಗೆದ ಬಟ್ಟೆ ಹೊದಿಸಿ, ಸೀದಾ ದವಾಖಾನೆಗೆ ಕರೆದುಕೊಂಡು ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಲೆ ಇದೆ, ಓಡಾಡುವ ಮಕ್ಕಳಿದ್ದಾರೆ. ಸುಟ್ಟರೆ ಮೊದಲು ತಣ್ಣೀರು. ಪೇಸ್ಟು ಬೇಡ, ಇಂಕು ಬೇಡ, ಸಗಣಿ ಬೇಡ. ಮೊಣಕೈ, ಬೆರಳು, ಕುತ್ತಿಗೆ, ಮಂಡಿ ಸುಟ್ಟರೆ, ಇಲ್ಲವೇ ಬೇರೆಡೆಯ ಗಾಯ ಮೂರು ವಾರವಾದರೂ ಮಾಯದಿದ್ದರೆ ದವಾಖಾನೆಗೆ ಹೋಗಿ, ಹೇಗೆ ಇಡಬೇಕು ಎಂದು ಅವತ್ತೇ ಕೇಳಿ. ಗಾಯ ಮಾದ ಮೇಲೆ ಕಲೆ ಉಬ್ಬುತ್ತಿದೆಯೇ, ಗಟ್ಟಿಯಾಗುತ್ತಿದೆಯೇ, ಹಬ್ಬುತ್ತಿದೆಯೇ, ಕೈಕಾಲು ಪೂರ್ತಿ ಚಾಚುತ್ತದೆಯೇ, ತಿಂಗಳಿಗೊಮ್ಮೆ ಬೆಳಕಿನಲ್ಲಿ ಕೂರಿಸಿ ನೋಡಿ. ಹೆಸರಿಲ್ಲದ ಡಬ್ಬಿ ಕೊಟ್ಟು ಹದಿನೈದು ದಿನ ಎನ್ನುವವನನ್ನು ಅದರಲ್ಲಿ ಏನಿದೆ ಎಂದು ಕೇಳಿ. ಅವನು ನಕ್ಕರೆ ಎದ್ದು ಬನ್ನಿ. ಹೆಣ್ಣುಮಗು, ಮುಚ್ಚಿಡಿ ಎಂದು ಯಾರಾದರೂ ಹೇಳಿದರೆ ಸುಮ್ಮನಿರಬೇಡಿ. ಆ ಮಗು ನಾಳೆ ಕೊಡ ಎತ್ತಬೇಕು, ಪೆನ್ನು ಹಿಡಿಯಬೇಕು, ತನ್ನ ಕೂಸನ್ನು ತಾನೇ ಎತ್ತಿಕೊಳ್ಳಬೇಕು. ಕೈ ಚಾಚುವುದು ಅವಳ ಹಕ್ಕು. ಇವತ್ತು ಮನೆಗೆ ಹೋದಮೇಲೆ ನಿಮ್ಮ ಮನೆಯ ಹಳೆಯ ಗಾಯಗಳನ್ನು ಒಮ್ಮೆ ನೋಡಿ. ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಕೇಳಿ.